ಫ್ಲೆಕ್ಸಿನ ಕೆಳಮೂಲೆಯ ಹುಡುಗಿ

ನನಗೆ ಸಂತೋಷವಾದರೆ ಕೈಕಾಲು ಒಂದು ಕಡೆ ನಿಲ್ಲುವುದಿಲ್ಲ. ಎಮ್ಮೆ ಈದರೆ ಓಣಿಗೆಲ್ಲ ಗಿಣ್ಣ ಹಂಚಿ, ಕೊನೆಗೆ ಮನೆಯವರ ಮುಂದೆ ಬರೀ ಪಾತ್ರೆ ಇಟ್ಟವಳು ನಾನು. "ಇವಳ ಖುಷಿಗೆ ಯಾರಾದ್ರೂ ಒಂದು ಮುಚ್ಚಳ ಮಾಡಿಸ್ರಪ್ಪ" ಅಂತ ನಮ್ಮತ್ತೆ ಹೇಳುತ್ತಿದ್ದರು. ಯಾರೂ ಮಾಡಿಸಲಿಲ್ಲ. ಮಾಡಿಸಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಾ ಕೂರುವ ಹೊತ್ತು ಬರುತ್ತಿರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಹುಟ್ಟಿದ್ದು ಹೊನ್ನಾಳಿ ಕಡೆ ಸಾಸ್ವೆಹಳ್ಳಿ, ಬಂದು ಸೇರಿದ್ದು ಚನ್ನಗಿರಿ ಕಡೆ ತ್ಯಾವಣಿಗೆ. ದೊಡ್ಡ ಮಗಳನ್ನು ಕೊಟ್ಟಿದ್ದು ಗೋವಿನಕೋವಿಗೆ. ಅದು ಮೊದಲು ಹೊನ್ನಾಳಿ ತಾಲ್ಲೂಕು, ಈಗ ನ್ಯಾಮತಿ. ಹೆಣ್ಣು ಕೊಟ್ಟ ಊರು, ಹೆಣ್ಣು ತಂದ ಊರು, ಇಷ್ಟೇ ನನಗೆ ಗೊತ್ತಿದ್ದ ಭೂಗೋಳ. ಜಗಳೂರಿಗೆ ನಮ್ಮವರು ಯಾರನ್ನೂ ಕೊಟ್ಟಿರಲಿಲ್ಲ, ಅಲ್ಲಿಂದ ಯಾರನ್ನೂ ತಂದಿರಲಿಲ್ಲ. ಹಂಗಾಗಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅನ್ನುವ ಹಂಗೆ ಇದ್ದೆ.

ಈ ಭೂಗೋಳವನ್ನು ದೊಡ್ಡದು ಮಾಡಿದವಳು ನನ್ನ ಮಗನ ಮಗಳು. ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ರಸಪ್ರಶ್ನೆಗೆ ಇಬ್ಬಿಬ್ಬರ ಜೋಡಿ ಮಾಡಿದರು. ನಮ್ಮ ರಾಜ್ಯದ ನದಿ, ಬೆಟ್ಟ, ಗಣಿ, ಕಾಡು, ಬುಡಕಟ್ಟು ಜನ, ಎಲ್ಲಾ ಅದರಲ್ಲಿ ಬರುತ್ತದಂತೆ. ಇವಳ ಜೋಡಿಗೆ ಸಿಕ್ಕವಳು ಹಕ್ಕಿಪಿಕ್ಕಿ ಕ್ಯಾಂಪಿನಿಂದ ಬಸ್ಸಿಗೆ ಬರುವ ಒಬ್ಬ ಹುಡುಗಿ. ಜೋಡಿ ಒಂದು ಸಲ ಬರೆಸಿದ ಮೇಲೆ ಬದಲಾಯಿಸುವ ಹಾಗಿಲ್ಲ. ಇಬ್ಬರೂ ಹೋಗಬೇಕು, ಇಲ್ಲದಿದ್ದರೆ ಇಬ್ಬರೂ ಕೂರಬೇಕು.

ಶನಿವಾರ ಬೆಳಗಿನ ಶಾಲೆ ಮುಗಿದರೆ ಇಬ್ಬರೂ ನಮ್ಮ ಪಡಸಾಲೆಗೆ ಬರುತ್ತಿದ್ದರು. ನಾನು ಅಡಿಕೆ ಸುಲಿಯುತ್ತಾ ಕೂತಿರುತ್ತಿದ್ದೆ. ಒಬ್ಬಳು ಕೇಳುವುದು, ಇನ್ನೊಬ್ಬಳು ಹೇಳುವುದು.

"ಸಿದ್ದಿ ಜನ?"

"ಉತ್ತರ ಕನ್ನಡ."

"ಸೋಲಿಗರು?"

"ಬಿಳಿಗಿರಿರಂಗನ ಬೆಟ್ಟ."

"ಮ್ಯಾಂಗನೀಸು?"

"ಸಂಡೂರು. ಚಿನ್ನ ಹಟ್ಟಿ. ಮುಂದಿಂದು ಕೇಳೇ, ಇವೆಲ್ಲ ಹಳೇವು."

"ಕೊಂಡುಕುರಿ ಎಲ್ಲೈತೆ?"

"ನಿಮ್ಮನೇಲಿ" ಅಂದಳು ಆ ಹುಡುಗಿ, ನನ್ನ ಮೊಮ್ಮಗಳ ಎರಡು ಜಡೆ ಹಿಡಿದು ಕೊಂಬಿನಂತೆ ಎತ್ತಿ. ಆಮೇಲೆ, "ಜಗಳೂರು. ರಂಗಯ್ಯನದುರ್ಗದ ಕಾಡು. ನಾಲ್ಕು ಕೊಂಬು."

ಜಗಳೂರಿನಲ್ಲಿ ನಾಲ್ಕು ಕೊಂಬಿನ ಜೀವ ಐತೆ ಅಂತ ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು. ತುಂಗೆ ಭದ್ರೆ ಎಲ್ಲಿ ಕೂಡುತ್ತವೆ ಅಂತ ಕೇಳಿದಾಗ ಮಾತ್ರ ನಾನು ಬಾಯಿ ಹಾಕುತ್ತಿದ್ದೆ. "ಕೂಡಲಿ ಕಣ್ರೇ, ನಾನು ಅಲ್ಲಿ ಮುಳುಗೆದ್ದು ಬಂದೀನಿ." ಆಗ ಆ ಹುಡುಗಿ ಗಂಭೀರವಾಗಿ, "ಅಜ್ಜಿಗೆ ಹತ್ತು ಅಂಕ" ಅನ್ನುವಳು. ನನಗೆ ಊಟ ಮಾಡಿದಷ್ಟು ತೃಪ್ತಿ.

ಅವಳ ಅಪ್ಪ ತಲೆಗೆ ಹಚ್ಚುವ ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿ ಬಂದವನು. ಅಲ್ಲಿಯ ಊರುಗಳ ಹೆಸರು ಅವಳಿಗೆ ನಮ್ಮ ಪಕ್ಕದ ಹಳ್ಳಿಗಳ ಹೆಸರಿನಷ್ಟೇ ಸಲೀಸು. ನಮ್ಮ ಮನೆಯಲ್ಲಿ ಉಂಡಿದ್ದಾಳೆ, ನನ್ನ ಸೊಸೆಯ ಹತ್ತಿರ ತಲೆ ಬಾಚಿಸಿಕೊಂಡಿದ್ದಾಳೆ. ನಾನು ಅವಳನ್ನು "ಬಾರವ್ವ", "ಉಣ್ಣವ್ವ" ಅಂತಲೇ ಕರೆಯುತ್ತಿದ್ದೆ. ಅಷ್ಟರಲ್ಲೇ ನಡೆದುಹೋಗುತ್ತಿತ್ತು.

ಒಂದು ಶನಿವಾರ ಇಬ್ಬರೂ ದೊಡ್ಡ ಹಾಳೆಯ ಮೇಲೆ ಬುಡಕಟ್ಟು ಜನರ ಚಾರ್ಟು ಮಾಡುತ್ತಿದ್ದರು. ಅಂಗಡಿಯಿಂದ ತಂದ ಚಿತ್ರಪಟದಿಂದ ಒಂದೊಂದೇ ಚಿತ್ರ ಕತ್ತರಿಸಿ ಅಂಟಿಸುತ್ತಿದ್ದರು. ಜೇನುಕುರುಬರು ಸಿಕ್ಕರು, ಕೊರಗರು ಸಿಕ್ಕರು. ಹಕ್ಕಿಪಿಕ್ಕಿಯವರ ಚಿತ್ರ ಮಾತ್ರ ಅದರಲ್ಲಿ ಇರಲಿಲ್ಲ. ನನಗೆ ತಟ್ಟನೆ ಒಂದು ಹುರುಪು ಬಂತು. "ಜೀವಂತ ಹುಡುಗಿನೇ ಮುಂದೆ ಕೂತೈತೆ, ಚಿತ್ರ ಯಾಕೆ ಹುಡುಕ್ತೀರಿ?" ಅಂದೆ.

ಹಿತ್ತಲಿಗೆ ಹೋಗಿ, ಟೊಮೆಟೊ ಮಡಿಗೆ ಕೋಳಿ ಬರದಂತೆ ಕಟ್ಟಿದ್ದ ನೈಲಾನ್ ಬಲೆ ಬಿಚ್ಚಿ ತಂದೆ. ದೇವರ ಪಟದ ಹಿಂದೆ ಸಿಕ್ಕಿಸಿದ್ದ ನವಿಲುಗರಿ ತಂದೆ. ಬಲೆಯನ್ನು ಆ ಹುಡುಗಿಯ ಹೆಗಲಿಗೆ ಹಾಕಿ, ಗರಿ ಕೈಗೆ ಕೊಟ್ಟು, "ಹಿಂಗೆ ನಿಂತ್ಕಾ, ಹಕ್ಕಿ ಹಿಡಿಯೋರ ಹಂಗೆ ನೋಡು" ಅಂದೆ.

"ಬ್ಯಾಡ ಅಜ್ಜಿ" ಅಂದಳು ಮೊಮ್ಮಗಳು.

"ನೀನು ಸುಮ್ನಿರು, ನಿನಗೇನು ಗೊತ್ತು."

ಆ ಹುಡುಗಿ ಬೇಡ ಅನ್ನಲಿಲ್ಲ. ಹಾಂ ಅಂತಲೂ ಅನ್ನಲಿಲ್ಲ. ಆಗಷ್ಟೇ ನಮ್ಮ ಮನೆಯ ಮಂಡಕ್ಕಿ ತಿಂದು ಕೈ ಒರೆಸಿಕೊಂಡಿದ್ದಳು. ಉಪ್ಪು ತಿಂದ ಮನೆಯಲ್ಲಿ ದೊಡ್ಡವರು ಹೇಳಿದರೆ ಹೆಂಗೆ ಇಲ್ಲ ಅನ್ನುವುದು ಅಂದುಕೊಂಡಿರಬೇಕು. ನಿಂತಳು. ನಾನು ಮಗ ಕೊಡಿಸಿದ ಮೊಬೈಲಿನಲ್ಲಿ ಫೋಟೋ ತೆಗೆದೆ. ತೆಗೆದಾದ ಮೇಲೆ ಅವಳೇ ಬಲೆಯನ್ನು ಮಡಿಸಿ ಕಟ್ಟೆಯ ಮೇಲೆ ಇಟ್ಟಳು. ಬಹಳ ಅಚ್ಚುಕಟ್ಟಾಗಿ ಮಡಿಸಿದಳು. ಅದು ನನಗೆ ಈಗ ನೆನಪಾಗುತ್ತದೆ, ಆಗ ನೋಡಿದ್ದೆನೋ ಇಲ್ಲವೋ.

ಆ ಫೋಟೋವನ್ನು ಹುಡುಗಿಯರು ಚಾರ್ಟಿಗೆ ಅಂಟಿಸಲಿಲ್ಲ. ಒಂದು ಎಣ್ಣೆ ಬಾಟಲಿ, ಒಂದು ವಿಮಾನ ಬರೆದು, ಅದರ ಕೆಳಗೆ ಏನೋ ಬರೆದರು. ನಾನು ಕೇಳಲಿಲ್ಲ. ಫೋಟೋ ನನ್ನ ಮೊಬೈಲಿನಲ್ಲೇ ಉಳಿಯಿತು.

ಚನ್ನಗಿರಿಯಲ್ಲಿ ತಾಲ್ಲೂಕು ಮಟ್ಟದ್ದು ನಡೆಯಿತು. ಇಬ್ಬರೂ ಮೊದಲನೇ ಸ್ಥಾನ ತಂದರು. ಮುಂದಿನದು ಜಿಲ್ಲೆಯದು, ಜಗಳೂರಿನಲ್ಲಿ. ಸುದ್ದಿ ಕೇಳಿದ ಗಳಿಗೆಯಿಂದ ನಾನು ನೆಲದ ಮೇಲೆ ಇರಲಿಲ್ಲ. ಸಾಸ್ವೆಹಳ್ಳಿಗೆ ಫೋನು, ಗೋವಿನಕೋವಿಗೆ ಫೋನು. ಹಾಲು ಹಾಕಲು ಬಂದವನನ್ನು ನಿಲ್ಲಿಸಿಕೊಂಡು ಹೇಳಿದೆ. ಅವನು ಆಗಲೇ ಬೇರೆ ಮನೆಯಲ್ಲಿ ಕೇಳಿಕೊಂಡು ಬಂದಿದ್ದ, ಆದರೂ ಪಾಪ ಹೊಸದಾಗಿ ಕೇಳಿದವನ ಹಾಗೆ ಕೇಳಿದ. ನಮ್ಮ ಕುಟುಂಬದಲ್ಲಿ ಹೆಣ್ಣುಮಕ್ಕಳ ಹೆಸರು ಮದುವೆ ಪತ್ರಿಕೆ ಬಿಟ್ಟರೆ ಇನ್ನೆಲ್ಲೂ ಅಚ್ಚಾಗಿದ್ದಿಲ್ಲ. ಮಗನಿಗೆ ಹೇಳಿದೆ, "ಬಸ್‌ಸ್ಟಾಂಡ್ ಹತ್ರ ಫ್ಲೆಕ್ಸ್ ಹಾಕ್ಸು."

"ಎಲೆಕ್ಷನ್ ಗೆದ್ದಾಳೇನಮ್ಮ ನಿನ್ನ ಮೊಮ್ಮಗಳು?"

"ಗೆದ್ದೋರೆಲ್ಲ ಏನು ಕಿಸಿದಾರೆ? ಇವಳು ಓದಿ ಗೆದ್ದಾಳೆ. ಹಾಕ್ಸು."

ಫ್ಲೆಕ್ಸ್ ಅಂಗಡಿಯವನು ಫೋಟೋ ಕೇಳಿದ. ಮೊಮ್ಮಗಳದ್ದು ಯೂನಿಫಾರ್ಮಿನಲ್ಲಿ ನಗುವುದು ಒಂದು ಕಳಿಸಿದೆ. ಜೋಡಿಯವಳದ್ದೂ ಇರಲಿ, ಅವಳನ್ನು ಬಿಟ್ಟರೆ ಚೆನ್ನಾಗಿರಲ್ಲ ಅಂತ ನನಗೇ ಅನ್ನಿಸಿತು. ನನ್ನ ಹತ್ತಿರ ಇದ್ದದ್ದು ಆ ಬಲೆಯ ಫೋಟೋ ಒಂದೇ. ಕಳಿಸಿದೆ. ಅಂಗಡಿಯವನು ಫೋನಿನಲ್ಲಿ ಕೇಳಿದ, "ದೊಡ್ಡ ಫೋಟೋ ಕೆಳಗೆ ಹೆಸರು ಹಾಕೀನಿ. ಈ ಸಣ್ಣದರ ಕೆಳಗೆ ಏನು ಹಾಕ್ಲಿ ಅಜ್ಜಿ?"

ನಾನು ಬಾಯಿ ತೆರೆದೆ, ಹೆಸರು ಬರಲಿಲ್ಲ. ಮರೆತಿದ್ದಲ್ಲ. ಯಾವತ್ತೂ ಕೇಳಿರಲೇ ಇಲ್ಲ. ಮೊಮ್ಮಗಳು ಮನೆಯಲ್ಲಿ ಇರಲಿಲ್ಲ. ಅವಳು ಬರುವ ತನಕ ಕಾಯುವಷ್ಟು ತಾಳ್ಮೆ ನನಗೆ ಎಲ್ಲಿಯದು.

"ಹಕ್ಕಿಪಿಕ್ಕಿ ಹುಡುಗಿ ಅಂತ ಹಾಕು" ಅಂದೆ.

ಅವನು ಹಾಕಿದ.

ಫ್ಲೆಕ್ಸ್ ಕಟ್ಟಿದಾಗ ನಾನು ಹೋಗಿ ನೋಡಿದೆ. ಮೊಮ್ಮಗಳು ಕಮಲದ ಹೂವಿನ ನಡುವೆ ಬಾಗಿಲಿನಷ್ಟು ದೊಡ್ಡದಾಗಿ ನಗುತ್ತಿದ್ದಳು. ಕೆಳಮೂಲೆಯಲ್ಲಿ ಆ ಹುಡುಗಿ ಬಲೆ ಹೊದ್ದು ನಿಂತಿದ್ದಳು. ಸತ್ಯ ಹೇಳಬೇಕೆಂದರೆ ನಾನು ಕೆಳಮೂಲೆ ನೋಡಲೇ ಇಲ್ಲ. ಮೇಲಿನದನ್ನೇ ನೋಡಿ ನೋಡಿ ಕುತ್ತಿಗೆ ಹಿಡಿದುಕೊಂಡಿತು.

ಮಾರನೇ ದಿನ ಬೆಳಗ್ಗೆ ಆ ಹುಡುಗಿ ಬಸ್ಸಿನಿಂದ ಇಳಿದಳು. ಬಸ್ಸು ನಿಲ್ಲುವುದೇ ಆ ಫ್ಲೆಕ್ಸಿನ ಮುಂದೆ. ಅಲ್ಲಿ ಕೂತಿದ್ದ ನಾಲ್ಕು ಪಡ್ಡೆಗಳು ಫ್ಲೆಕ್ಸನ್ನೂ ಅವಳನ್ನೂ ನೋಡಿ ಗುಬ್ಬಿ ಕೂಗಿದ ಹಾಗೆ ಕೂಗಿದವಂತೆ. "ಬಲೆ ಎಲ್ಲೇ, ಮನೇಲಿ ಬಿಟ್ಟು ಬಂದ್ಯಾ?" ಅಂದವಂತೆ. ಅವಳು ಅವರ ಕಡೆ ತಿರುಗಲಿಲ್ಲವಂತೆ. ತನ್ನ ಫೋಟೋದ ಕೆಳಗೆ ಬರೆದದ್ದನ್ನು ಓದಿದಳಂತೆ. ಎದುರಿನಿಂದ ಬಂದ ಬಸ್ಸು ಹತ್ತಿ ವಾಪಸ್ಸು ಹೋದಳಂತೆ.

ಇದನ್ನೆಲ್ಲ ಹೇಳಿದವಳು ನನ್ನ ಮೊಮ್ಮಗಳು. ಹೇಳಿ ಮುಗಿಸಿ, "ಅಜ್ಜಿ, ಅವಳ ಹೆಸರೇನು?" ಅಂತ ಕೇಳಿದಳು. ಆವತ್ತಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ನೀರು ಬೇಕಾದರೂ ಅಮ್ಮನನ್ನು ಕೇಳುವುದು. ಆ ಹುಡುಗಿ ಶಾಲೆಗೆ ಬರಲಿಲ್ಲ. ಜಗಳೂರಿಗೂ ಬರುವುದಿಲ್ಲ ಅಂತ ಹೇಳಿ ಕಳಿಸಿದಳು. ಇಬ್ಬರೂ ಹೋಗಬೇಕು, ಇಲ್ಲದಿದ್ದರೆ ಇಬ್ಬರೂ ಕೂರಬೇಕು.

ಫ್ಲೆಕ್ಸ್ ಬಿಚ್ಚಿಸು ಅಂತ ಮಗನಿಗೆ ಹೇಳಿದೆ. "ಮೊನ್ನೆ ಕಟ್ಟಿಸಿ ಇವತ್ತು ಬಿಚ್ಚಿದ್ರೆ ಜನ ಏನಂತಾರೆ? ಸ್ವಲ್ಪ ದಿನ ಹೋಗ್ಲಿ" ಅಂದ. ಅವನಿಗೂ ನಾಚಿಕೆ. ಆದರೆ ಅವನದು ಬೇರೆ ನಾಚಿಕೆ. ನಾನು ಅಡಿಕೆ ಗೊನೆ ಇಳಿಸುವ ದೋಟಿ ತೆಗೆದುಕೊಂಡು ಬಸ್‌ಸ್ಟಾಂಡಿಗೆ ನಡೆದೆ. ಮಧ್ಯಾಹ್ನ, ಚಹಾ ಅಂಗಡಿ ತುಂಬ ಜನ.

"ಏನಜ್ಜಿ, ಬಸ್‌ಸ್ಟಾಂಡಲ್ಲೂ ಅಡಿಕೆ ಬಿಟ್ಟೈತಾ?"

"ಬಿಟ್ಟೈತಪ್ಪ, ಬಾ, ಹೆಕ್ಕೋದಿಲ್ವಾ?"

ದೋಟಿಯ ಕುಡುಗೋಲಿನಿಂದ ಮೇಲಿನ ಹಗ್ಗ ಕೊಯ್ದೆ. ಒಂದು ಕಡೆ ಜೋತುಬಿತ್ತು. ಇನ್ನೊಂದು ಹಗ್ಗ ದೋಟಿಗೆ ಸಿಗಲಿಲ್ಲ. ಎಳೆದರೆ ನನ್ನ ಮೊಮ್ಮಗಳ ಮುಖ ಹರಿಯಿತು, ಕೆಳಗಿನ ಹುಡುಗಿ ಹಾಗೇ ಉಳಿದಳು. ಒಬ್ಬರೂ ಬಂದು ಹಿಡಿಯಲಿಲ್ಲ. ನನ್ನ ಖುಷಿ ನೋಡಿದವರು, ನನ್ನ ಮರ್ಯಾದೆ ಹೋಗುವುದನ್ನೂ ಕೂತು ನೋಡಲಿ ಅಂತ ನಾನೂ ಯಾರನ್ನೂ ಕರೆಯಲಿಲ್ಲ. ಬಹಳ ಹೊತ್ತು ಹಿಡಿಯಿತು. ಪೂರ್ತಿ ಇಳಿಸಿ, ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಬಂದೆ.

ಕ್ಯಾಂಪಿಗೆ ಹೋಗುವ ಮೊದಲು ಮಗನನ್ನು ಮೇಷ್ಟ್ರ ಹತ್ತಿರ ಕಳಿಸಿ ಆ ಹುಡುಗಿಯ ಹೆಸರು ತಿಳಿದುಕೊಂಡೆ. ದಾರಿಯುದ್ದಕ್ಕೂ ಬೈಕಿನ ಹಿಂದೆ ಕೂತು ಆ ಹೆಸರನ್ನೇ ಬಾಯಲ್ಲಿ ಹೇಳಿಕೊಂಡೆ, ಮಗ್ಗಿ ಕಲಿಯುವವರ ಹಾಗೆ. ಮಗ ರಸ್ತೆಯಲ್ಲೇ ನಿಂತ. "ನಾನು ಒಳಗೆ ಬರಲ್ಲಮ್ಮ. ನೀನು ಮಾಡಿದ್ದು, ನೀನೇ ಹೋಗು."

ಅವಳ ಅಜ್ಜಿ ಮನೆ ಮುಂದೆ ದೊಡ್ಡ ಪಾತ್ರೆಯಲ್ಲಿ ಎಣ್ಣೆ ಕಾಯಿಸುತ್ತಿದ್ದಳು. ಬೇರು, ಎಲೆ ಎಲ್ಲಾ ಕುದಿದು ಓಣಿ ತುಂಬ ಘಮ. ನನ್ನ ವಯಸ್ಸಿನವಳೇ. ನಾನು ಯಾರು ಅಂತ ಹೇಳುವ ಮೊದಲೇ ಕೇಳಿದಳು.

"ನೀನೇನಾ ನಮ್ಮ ಹುಡುಗಿಗೆ ಬಲೆ ಹೊದಿಸಿದಾಕೆ?"

"ಹೌದವ್ವ. ನಾನೇ."

"ಎಂಥ ಬಲೆ ಅದು?"

"ಟೊಮೆಟೊ ಮಡಿಗೆ ಕೋಳಿ ಬರಬಾರ್ದು ಅಂತ ಕಟ್ಟಿದ್ದು."

ಆಕೆ ಸೌಟು ಬಿಟ್ಟು ನಕ್ಕಳು. "ಅದರಾಗೆ ಹಕ್ಕಿ ಎಲ್ಲಿ ಬೀಳ್ತೈತೆ. ಕೋಳಿನೂ ಬೀಳಲ್ಲ. ನಮ್ಮಪ್ಪ ಇದ್ದು ನೋಡಿದ್ರೆ ವಂಶದ ಮಾನ ಹೋಯ್ತು ಅಂತ ಅಳ್ತಿದ್ದ."

ನಾನೂ ನಗಬೇಕೇನೋ ಅಂದುಕೊಂಡೆ. ಅಷ್ಟರಲ್ಲಿ ಆಕೆ ನಗು ನಿಲ್ಲಿಸಿದ್ದಳು.

"ಬಲೆ ಹೋಗ್ಲಿ. ನಮ್ಮ ಹುಡುಗಿಗೊಂದು ಹೆಸರಿಲ್ಲೇನು? ನಿಮ್ಮನೇಲಿ ಕರುವಿಗೊಂದು ಹೆಸರಿಡ್ತೀರಿ, ಎಮ್ಮೆಗೊಂದು ಹೆಸರಿಡ್ತೀರಿ. ನಮ್ಮ ಕೂಸಿಗೆ ನಾವು ಹೆಸರಿಡದೇ ಬಿಟ್ಟೀವಾ?"

ನಮ್ಮ ಎಮ್ಮೆಗೆ ಹೆಸರು ಇದೆ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೆ.

ಆಕೆ ಒಳಗೆ ಹೋಗಿ ಚಹಾ ತಂದಳು. ಕುಡಿದೆ. ಕುಡಿದದ್ದು ದೊಡ್ಡತನ ಅಂತ ಬರೆಯುತ್ತಿಲ್ಲ. ಲೋಟ ಬಾಯಿಗಿಡುವ ಮೊದಲು ನಮ್ಮೂರವರು ಯಾರಾದರೂ ಸುತ್ತ ಇದ್ದಾರಾ ಅಂತ ನನ್ನ ಕಣ್ಣು ಒಂದು ಸಲ ನೋಡಿಕೊಂಡು ಬಂತು. ಆಕೆ ಅದನ್ನೂ ನೋಡಿದಳು. "ಯಾರೂ ಇಲ್ಲ, ಕುಡಿ" ಅಂದಳು.

ಆಮೇಲೆ ಹುಡುಗಿ ಹೊರಗೆ ಬಂದಳು. ಬಾಟಲಿಗೆ ಚೀಟಿ ಅಂಟಿಸುತ್ತಿದ್ದಳು ಅನಿಸುತ್ತದೆ, ಬೆರಳೆಲ್ಲ ಗೋಂದು. ನಾನು ಹೆಸರು ಹಿಡಿದು ಕರೆದೆ. ಕರೆದದ್ದು ಸರಿಯಾಗಿಯೇ ಕರೆದೆ.

"ಈಗ ಕಲ್ತು ಬಂದ್ರೇನಜ್ಜಿ?"

"ಹೂನವ್ವ. ಬೈಕಿನ ಮೇಲೆ ಕಲ್ತೆ."

ಅವಳ ತುಟಿ ಒಂಚೂರು ಅಲುಗಿತು, ನಗಲಿಲ್ಲ. ನಾನು ತಪ್ಪಾಯಿತು ಅಂದೆ. ಫ್ಲೆಕ್ಸ್ ಕಿತ್ತು ಬಂದೆ ಅಂದೆ. ಜಗಳೂರಿಗೆ ಹೋಗಿ, ನನ್ನ ಮುಖ ನೋಡಿ ಬೇಡ, ನಿಮ್ಮಿಬ್ಬರ ಓದು ನೋಡಿ ಹೋಗಿ ಅಂದೆ. ಇನ್ನೂ ಏನೇನೋ ಹೇಳಿದೆ. ಅವಳು ಬೆರಳಿನ ಗೋಂದು ಸುಲಿಯುತ್ತಾ ಕೇಳಿಸಿಕೊಂಡಳು.

"ಹೋಗ್ತೀನಿ" ಅಂದಳು ಕೊನೆಗೆ. "ಆದ್ರೆ ನೀವು ಬರಬ್ಯಾಡ್ರಿ."

ಜಗಳೂರಿಗೆ ಉಡಲು ನಾನು ಆಗಲೇ ಸೀರೆ ಇಸ್ತ್ರಿ ಮಾಡಿಸಿ ಇಟ್ಟಿದ್ದೆ. "ಆಯ್ತವ್ವ" ಅಂದೆ.

ಸ್ಪರ್ಧೆಯ ದಿನ ನಾನು ಮನೆಯಲ್ಲೇ ಇದ್ದೆ. ಹಿತ್ತಲಿಗೂ ಬಾಗಿಲಿಗೂ ಓಡಾಡಿದೆ. ಸೊಸೆ, "ಅತ್ತೆ, ಒಂದು ಕಡೆ ಕೂತ್ರೆ ನಾನೂ ಕಸ ಗುಡಿಸ್ತೀನಿ" ಅಂದಳು. ಸಂಜೆ ಮೊಮ್ಮಗಳು ಬಂದವಳೇ ಚೀಲ ಇಟ್ಟು ನನ್ನ ಪಕ್ಕದಲ್ಲಿ ಕೂತಳು. ಮಾತು ಬಿಟ್ಟ ಮೇಲೆ ನನ್ನ ಪಕ್ಕ ಕೂತದ್ದು ಅದೇ ಮೊದಲು. ಉಸಿರಾಡಲೂ ಹೆದರಿದೆ, ಎದ್ದು ಹೋದಾಳು ಅಂತ.

"ಎರಡನೇ ಸ್ಥಾನ ಅಜ್ಜಿ."

"ಎರಡನೇದೇ ಬಂತಾ" ಅಂತ ನಾನು ಹಿಗ್ಗಿ ಏಳುತ್ತಿದ್ದೆ, ಅವಳು ಕೈ ಹಿಡಿದು ಕೂರಿಸಿದಳು.

"ಪೂರ್ತಿ ಕೇಳು. ಕೊನೇ ಪ್ರಶ್ನೆ ತನಕ ಎರಡು ಟೀಮು ಸಮ ಇದ್ವಿ. ಕೊನೇದ್ರಲ್ಲಿ, ಹಕ್ಕಿಪಿಕ್ಕಿ ಜನರ ಹಳೇ ಕಸುಬು ಯಾವುದು ಅಂತ ಕೇಳಿದ್ರು."

ನಾನು ಅವಳ ಕೈಯಿಂದ ನನ್ನ ಕೈ ಬಿಡಿಸಿಕೊಂಡೆ.

"ಬೆಲ್ಲು ನನ್ನ ಕೈಲಿತ್ತು. ನಾನು ಒತ್ತಲಿಲ್ಲ. ಅವಳ ಪಕ್ಕ ಕೂತು ಆ ಮಾತು ಹೆಂಗೆ ಹೇಳ್ಲಿ ಅಂತ ಸುಮ್ನೆ ಕೂತೆ. ಆ ಕಡೇರು ಒತ್ತಿದ್ರು. ಗೆದ್ರು."

"ಒಳ್ಳೇದು ಮಾಡ್ದೆ ಮಗಳೇ" ಅಂದೆ. ಕಣ್ಣಲ್ಲಿ ನೀರು ಬಂದಿತ್ತು.

"ಏನು ಒಳ್ಳೇದು? ಬಸ್ಸು ಹತ್ತಿದ ಕೂಡ್ಲೇ ಬೈಯಾಕೆ ಶುರು ಮಾಡಿದ್ಲು ಅವಳು. ಯಾಕೆ ಒತ್ತಲಿಲ್ಲ, ಉತ್ತರ ಗೊತ್ತಿರಲಿಲ್ವಾ ಅಂದ್ಲು. ನಿಂಗೆ ಬೇಜಾರಾಗುತ್ತೆ ಅಂತ ಬಿಟ್ಟೆ ಅಂದೆ. 'ನಮ್ಮ ತಾತ ಹಕ್ಕಿ ಹಿಡೀತಿದ್ದ. ಅದು ಸುಳ್ಳಾ? ಕಳ್ಳತನಾನಾ? ಅದು ನಮ್ಮ ಕಸುಬು. ನಾಚಿಕೆ ನಿನಗೆ, ನಿಮ್ಮಜ್ಜಿಗೆ. ನನಗಿಲ್ಲ' ಅಂದ್ಲು. ನಿಮ್ಮ ನಾಚಿಕೆಗೆ ನನ್ನ ಫಸ್ಟ್ ಹೋಯ್ತು ಅಂತ ದಾವಣಗೆರೆ ಬರೋ ತನಕ ಬೈದ್ಲು."

ಬಲೆ ಹೊದಿಸಿದ್ದೇ ನನ್ನ ತಪ್ಪು ಅಂತ ಅಷ್ಟು ದಿನ ಅಂದುಕೊಂಡಿದ್ದೆ. ಬಲೆಯ ಮಾತಿಗೆ ಆ ಹುಡುಗಿಯ ಅಜ್ಜಿ ನಕ್ಕು ಬಿಟ್ಟಿದ್ದಳು. ಅದನ್ನು ಕಂಡೂ ನಾನು ಮನೆಗೆ ಬಂದು, ಆ ಹುಡುಗಿಯ ಮುಂದೆ ಹಕ್ಕಿ ಅನ್ನುವ ಮಾತೇ ಎತ್ತಬಾರದು ಅಂತ ಎಲ್ಲರಿಗೂ ಹೇಳಿದ್ದೆ. ಮೊಮ್ಮಗಳು ಮಾತು ಬಿಟ್ಟಿದ್ದರೂ ಅದೊಂದನ್ನು ಕೇಳಿಸಿಕೊಂಡಿದ್ದಳು.

"ಆಮೇಲೆ?"

"ಆಮೇಲೆ ದಾವಣಗೆರೇಲಿ ಬಸ್ಸು ಬದಲಾಯಿಸಿದ್ವಿ. ಸೀಟು ಒಂದೇ ಇತ್ತು. ಇಬ್ರೂ ಅದರಲ್ಲೇ ಕೂತ್ವಿ. ಮುಂದಿನ ವರ್ಷ ಬೆಲ್ಲು ಅವಳ ಕೈಗೆ ಕೊಡಬೇಕಂತೆ."

ಅಷ್ಟು ಕೇಳಿದ್ದೇ ತಡ, ನನ್ನೊಳಗೆ ಏನೋ ಉಕ್ಕಿ ಬಂತು. ಮುಂದಿನ ವರ್ಷ ಅಂದಳಲ್ಲ. ಒಂದೇ ಸೀಟಿನಲ್ಲಿ ಕೂತರಲ್ಲ. ಉಕ್ಕಿದ್ದರ ಜೊತೆಗೇ ಮುಖ ಕಾದ ಹೆಂಚಿನ ಹಾಗೆ ಸುಡುತ್ತಿತ್ತು.

"ನಿಮ್ಮಜ್ಜಿಗೆ ಬಹಳ ನಾಚಿಕೆ ಆಗೈತೆ ಅಂತ ಅವಳಿಗೆ ಹೇಳು" ಅಂದೆ.

ಮೊಮ್ಮಗಳು ಎದ್ದು ಚೀಲ ಎತ್ತಿಕೊಂಡಳು.

"ಅದನ್ನ ನಾನ್ಯಾಕೆ ಹೇಳ್ಲಿ? ಶನಿವಾರ ಬರ್ತಾಳೆ. ನೀನೇ ಹೇಳು."